ಸದನದಲ್ಲಿ ಒಂದು ಪ್ರಶ್ನೆ: ರೈತನಿಗೆ ಅದರಿಂದೇನು ಪ್ರಯೋಜನ?



ಅಧಿವೇಶನ ನಡೆಯುವ ದಿನಗಳಲ್ಲಿ ಪತ್ರಿಕೆಗಳಲ್ಲಿ "ಸದಸ್ಯರ ಪ್ರಶ್ನೆಗೆ ಕೈಗಾರಿಕಾ ಸಚಿವರ ಉತ್ತರ" ಎಂಬ ತಲೆಬರಹ ಕಾಣುತ್ತದೆ. ಇದು ದೊಡ್ಡವರ ಮಾತು, ಇದರಿಂದ ನಮ್ಮ ಗದ್ದೆಗೆ ನೀರು ಹರಿಯುವುದಿಲ್ಲ ಎಂದು ನಾವು ಪುಟ ತಿರುವುತ್ತೇವೆ. ಆದರೆ ಕಾಪುವಿನ ಬೇಸಾಯಗಾರನ ಎರಡು ಮುಖ್ಯ ಸಂಗತಿಗಳು ಈ ಇಲಾಖೆಯೊಡನೆ ಗಂಟು ಹಾಕಿಕೊಂಡಿವೆ. ಒಂದು, ಅವನ ಜಮೀನು. ಇನ್ನೊಂದು, ಅವನ ತೋಟದ ಅಡಿಕೆಯ ಧಾರಣೆ. ಆದುದರಿಂದ ಸದನದಲ್ಲಿ ಪ್ರಶ್ನೆ ಕೇಳುವ ಕ್ರಮವೇನು, ಬಂದ ಉತ್ತರವನ್ನು ಓದುವುದು ಹೇಗೆ, ಅದಕ್ಕೆ ಬೇಕಾದ ವಿವರವನ್ನು ಹಳ್ಳಿಯಿಂದ ಒದಗಿಸುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

1. ಇಲಾಖೆ ಒಂದಲ್ಲ, ಎರಡು

ಬೆಂಗಳೂರಿನಲ್ಲಿ ರಾಜ್ಯ ಸರಕಾರದ ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆ ಇದೆ. ದೆಹಲಿಯಲ್ಲಿ ಕೇಂದ್ರ ಸರಕಾರದ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ ಇದೆ. ಹೆಸರು ಹೆಚ್ಚು ಕಡಿಮೆ ಒಂದೇ ಆದರೂ ಕೆಲಸ ಬೇರೆ. ಕಾರ್ಖಾನೆಗಳಿಗಾಗಿ ಜಮೀನು ಸ್ವಾಧೀನ ಮಾಡಿಸಿ ಹಂಚುವ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ರಾಜ್ಯದ ಇಲಾಖೆಗೆ ಸೇರಿದ್ದು. ಹೊರದೇಶದಿಂದ ಯಾವ ಸರಕು, ಯಾವ ಶರತ್ತಿನ ಮೇಲೆ ಬರಬಹುದು ಎಂಬುದನ್ನು ನಿರ್ಧರಿಸುವುದು ಕೇಂದ್ರದ ಸಚಿವಾಲಯ. 2011ರಲ್ಲಿ ಮಟ್ಟುಗುಳ್ಳಕ್ಕೆ ದೊರೆತ ಭೌಗೋಳಿಕ ಗುರುತಿನ ನೋಂದಣಿಯೂ ಇದೇ ಕೇಂದ್ರ ಸಚಿವಾಲಯದ ಅಧೀನದಲ್ಲಿರುವ ಚೆನ್ನೈ ಕಚೇರಿಯಿಂದ ಆದದ್ದು.

ಜಮೀನಿನ ಪ್ರಶ್ನೆಯನ್ನು ಸಂಸತ್ತಿನಲ್ಲಿ ಕೇಳಿದರೆ "ಇದು ರಾಜ್ಯದ ವಿಷಯ" ಎಂಬ ಉತ್ತರ ಬಂದೀತು. ಅಡಿಕೆಯ ಆಮದಿನ ಪ್ರಶ್ನೆಯನ್ನು ವಿಧಾನಸಭೆಯಲ್ಲಿ ಕೇಳಿದರೆ "ಕೇಂದ್ರಕ್ಕೆ ಪತ್ರ ಬರೆಯಲಾಗುವುದು" ಎಂದು ಹೇಳಿಯಾರು. ಸರಿಯಾದ ಬಾಗಿಲು ತಟ್ಟುವುದೇ ಮೊದಲ ಪಾಠ.

2. ಪ್ರಶ್ನೆಯ ಹಕ್ಕು ಬಂದ ಬಗೆ

ಬ್ರಿಟಿಷರ ಕಾಲದಲ್ಲಿ 1892ರ ಕಾಯಿದೆಯಿಂದ ಮೊದಲ ಬಾರಿಗೆ ಶಾಸನ ಪರಿಷತ್ತುಗಳ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ದೊರೆಯಿತು. ಉತ್ತರ ಬಂದ ಮೇಲೆ ಅದರ ಬೆನ್ನಿಗೆ ಉಪಪ್ರಶ್ನೆ ಕೇಳುವ ಹಕ್ಕು 1909ರ ಸುಧಾರಣೆಯಿಂದ ಬಂತು. ಅದೂ ಮೂಲ ಪ್ರಶ್ನೆ ಕೇಳಿದ ಸದಸ್ಯನಿಗೆ ಮಾತ್ರ. 1919ರ ಸುಧಾರಣೆಯ ಬಳಿಕ ಇತರ ಸದಸ್ಯರೂ ಉಪಪ್ರಶ್ನೆ ಕೇಳುವಂತಾಯಿತು. ಹೀಗೆ ಹಂತಹಂತವಾಗಿ ದೊರೆತ ಹಕ್ಕು ಇದು.

ಪ್ರಶ್ನೆಗಳಲ್ಲಿ ಎರಡು ವಿಧ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು. ಅದಕ್ಕೆ ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ಒಂದು ದಿನದ ಪಟ್ಟಿಗೆ ಚುಕ್ಕೆ ಗುರುತಿನ ಪ್ರಶ್ನೆಗಳು 20 ಮಾತ್ರ, ಚುಕ್ಕೆ ರಹಿತ ಪ್ರಶ್ನೆಗಳು 230. ಅಂಕಿಅಂಶ ಬೇಕಾದರೆ ಚುಕ್ಕೆ ರಹಿತ ಪ್ರಶ್ನೆಯೇ ಲೇಸು. ಸಚಿವರ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಚುಕ್ಕೆ ಗುರುತಿನದು ಬೇಕು.

ಒಂದು ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮುಂಧ್ರಾ ಪ್ರಕರಣ ಸಾಕ್ಷಿ. ಜೀವವಿಮಾ ನಿಗಮದ ಹಣವನ್ನು ಒಬ್ಬ ವ್ಯಾಪಾರಿಯ ಕಂಪೆನಿಗಳಲ್ಲಿ ತೊಡಗಿಸಿದ ಬಗ್ಗೆ 1957ರಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಮೊದಲ ಉತ್ತರಕ್ಕೆ ವಿಷಯ ಮುಗಿಯಲಿಲ್ಲ. ಡಿಸೆಂಬರ್ ತಿಂಗಳಲ್ಲಿ ಫಿರೋಜ್ ಗಾಂಧಿಯವರು ಅದನ್ನೇ ಹಿಡಿದು ಸದನದಲ್ಲಿ ಎತ್ತಿದರು. ನ್ಯಾಯಮೂರ್ತಿ ಛಾಗ್ಲಾ ಅವರು ಬಹಿರಂಗ ವಿಚಾರಣೆ ನಡೆಸಿದರು. ಹಿಂದೆ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಾಗಿದ್ದು ಆಗ ಅರ್ಥಸಚಿವರಾಗಿದ್ದ ಟಿ. ಟಿ. ಕೃಷ್ಣಮಾಚಾರಿಯವರು 1958ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಕೇಳಿದವರು ಆಳುವ ಪಕ್ಷದ ಸದಸ್ಯರೇ ಆಗಿದ್ದರೆಂಬುದನ್ನು ಗಮನಿಸಬೇಕು. ಪ್ರಶ್ನೆ ಕೇಳುವುದು ವಿರೋಧ ಪಕ್ಷದವರ ಕೆಲಸ ಮಾತ್ರ ಎಂದು ತಿಳಿಯಕೂಡದು.

3. ಜಮೀನಿನ ಪ್ರಶ್ನೆ

ನಮ್ಮ ತಾಲೂಕಿನಲ್ಲಿ ನಂದಿಕೂರು ಕೈಗಾರಿಕಾ ಪ್ರದೇಶ, ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರ, ಪಡುಬಿದ್ರಿಯ ಗಾಳಿಯಂತ್ರದ ಕಾರ್ಖಾನೆ ಇವನ್ನು ನೋಡದವರಿಲ್ಲ. ಕಾರ್ಖಾನೆ ಬರಲಿ, ಬಾರದಿರಲಿ ಎಂಬ ವಾದ ಇಲ್ಲಿ ಬೇಡ. ಜಮೀನು ಹೋಗುವ ಕ್ರಮವನ್ನು ತಿಳಿದಿರುವುದು ಎಲ್ಲರಿಗೂ ಅಗತ್ಯ.

1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಅಧಿನಿಯಮದಲ್ಲಿ 28ನೆಯ ಕಲಂ ಮುಖ್ಯವಾದದ್ದು. 28(1)ರಂತೆ, ಇಂಥ ಜಮೀನು ಬೇಕಾಗಿದೆ ಎಂದು ಸರಕಾರ ಅಧಿಸೂಚನೆ ಹೊರಡಿಸುತ್ತದೆ. 28(2)ರಂತೆ ಜಮೀನಿನ ಒಡೆಯನಿಗೆ ನೋಟೀಸು ಬರುತ್ತದೆ. ಆಕ್ಷೇಪಣೆ ಸಲ್ಲಿಸಲು 30 ದಿನಗಳ ಅವಕಾಶ. 28(3)ರಂತೆ ಆಕ್ಷೇಪಣೆಯ ವಿಚಾರಣೆ. 28(4)ರಂತೆ ಅಂತಿಮ ಘೋಷಣೆ. ಅದು ಪ್ರಕಟವಾದ ಮೇಲೆ 28(5)ರಂತೆ ಜಮೀನು ಸರಕಾರಕ್ಕೆ ಸೇರಿಬಿಡುತ್ತದೆ. ಕೊಳೆರೋಗ ಅಡಿಕೆಗೊನೆಗೆ ಹತ್ತಿದ ಮೇಲೆ ಬೋರ್ಡೋ ದ್ರಾವಣ ಸಿಂಪಡಿಸಿ ಏನು ಫಲ? ಮಳೆ ಹಿಡಿಯುವ ಮೊದಲೇ ಸಿಂಪಡಿಸಬೇಕು. ಹಾಗೆಯೇ ಆಕ್ಷೇಪಣೆಯೂ ಪ್ರಶ್ನೆಯೂ 28(1) ಮತ್ತು 28(4)ರ ನಡುವಿನ ಅವಧಿಯಲ್ಲಿ ಬಂದರೆ ಹೆಚ್ಚು ಫಲ. ಸದನದಲ್ಲಿ ಪ್ರಶ್ನೆ ಎದ್ದಿತೆಂದು ನೋಟೀಸಿನ 30 ದಿನ ನಿಲ್ಲುವುದಿಲ್ಲ. ಆಕ್ಷೇಪಣೆಯನ್ನು ಪ್ರತ್ಯೇಕವಾಗಿ ಬರೆದು ಕೊಟ್ಟು ಸ್ವೀಕೃತಿ ಪಡೆಯಲೇಬೇಕು.

ಈಗ ಪ್ರಶ್ನೆಯ ರೂಪವನ್ನು ನೋಡೋಣ. "ರೈತರ ಫಲವತ್ತಾದ ಭೂಮಿಯನ್ನು ಅನ್ಯಾಯವಾಗಿ ಕಸಿದುಕೊಂಡಿರುವುದು ಸರಕಾರಕ್ಕೆ ತಿಳಿದಿದೆಯೇ?" ಎಂದು ಕೇಳಿದರೆ ಪ್ರಶ್ನೆ ತಿರಸ್ಕೃತವಾಗಬಹುದು. ವಾದ, ಆರೋಪ, ಕುಹಕ ಪ್ರಶ್ನೆಯಲ್ಲಿ ಇರಕೂಡದು; ನ್ಯಾಯಾಲಯದ ಮುಂದಿರುವ ವಿಷಯವನ್ನೂ ಕೇಳುವಂತಿಲ್ಲ. ಒಂದು ವೇಳೆ ಅಂಗೀಕಾರವಾದರೂ "ಇಲ್ಲ" ಎಂಬ ಎರಡಕ್ಷರದಲ್ಲಿ ಅದು ಮುಗಿದುಹೋಗುತ್ತದೆ. ಅದನ್ನೇ ಹೀಗೆ ಕೇಳಬಹುದು:

(ಅ) ಕಾಪು ತಾಲೂಕಿನಲ್ಲಿ ಮಂಡಳಿಗಾಗಿ ಕಲಂ 28(4)ರಂತೆ ಸ್ವಾಧೀನಪಡಿಸಿಕೊಂಡ ಜಮೀನು ಗ್ರಾಮವಾರು ಎಷ್ಟು ಎಕರೆ? ಅದರಲ್ಲಿ ಪಟ್ಟಾ ಜಮೀನು ಎಷ್ಟು, ಸರಕಾರಿ ಜಮೀನು ಎಷ್ಟು?

(ಆ) ಹಂಚಿಕೆಯಾದುದು ಎಷ್ಟು? ಯಾರಿಗೆ, ಯಾವ ದಿನಾಂಕದಂದು?

(ಇ) ಹಂಚಿಕೆಯಾಗಿಯೂ ಕೆಲಸ ಆರಂಭವಾಗದೆ ಉಳಿದ ಜಮೀನು ಎಷ್ಟು? ಸರಕಾರ ಕೈಗೊಂಡ ಕ್ರಮವೇನು?

(ಈ) ಪರಿಹಾರ ಬಾಕಿ ಇರುವ ಖಾತೆದಾರರು ಎಷ್ಟು ಮಂದಿ? ಕಾರಣವೇನು? ಎಂದಿಗೆ ಪಾವತಿಯಾಗುವುದು?

ಇಲ್ಲಿ ಒಂದೊಂದು ಮಾತಿಗೂ ಅಂಕಿ ಅಥವಾ ದಿನಾಂಕ ಕೊಡಲೇಬೇಕು. ನುಣುಚಿಕೊಳ್ಳಲು ಎಡೆಯಿಲ್ಲ. ಪಟ್ಟಾ ಜಮೀನು, ಸರಕಾರಿ ಜಮೀನು ಎಂದು ಬೇರ್ಪಡಿಸಿ ಕೇಳಿದುದಕ್ಕೂ ಕಾರಣವುಂಟು. ನಮ್ಮ ಜಿಲ್ಲೆಯಲ್ಲಿ ವರ್ಗ ಜಮೀನಿಗೆ ತಾಗಿ ಕುಮ್ಕಿ ಇರುತ್ತದೆ. ಸೊಪ್ಪು, ಸೌದೆಗೆಂದು ಕುಟುಂಬಗಳು ಅದನ್ನು ತಲೆಮಾರುಗಳಿಂದ ಅನುಭೋಗಿಸುತ್ತ ಬಂದಿದ್ದರೂ ದಾಖಲೆಯಲ್ಲಿ ಅದು ಸರಕಾರಿ ಜಮೀನೇ. ಒಟ್ಟು ಎಕರೆಯನ್ನಷ್ಟೇ ಕೇಳಿದರೆ, ಕುಮ್ಕಿ ಕಳೆದುಕೊಂಡವನ ಸಂಗತಿ ಆ ಲೆಕ್ಕದೊಳಗೆ ಮುಚ್ಚಿಹೋಗುತ್ತದೆ.

4. ಅಡಿಕೆಯ ಪ್ರಶ್ನೆ

ಅಡಿಕೆ ಬೆಳೆಯುವುದು ನಮ್ಮ ತೋಟದಲ್ಲಾದರೂ ಅದರ ಧಾರಣೆಯ ಒಂದು ಬೀಗದ ಕೈ ದೆಹಲಿಯಲ್ಲಿದೆ. ಹೊರದೇಶದ ಅಗ್ಗದ ಅಡಿಕೆ ಬಂದು ಬೀಳದಂತೆ ಕೇಂದ್ರದ ವಾಣಿಜ್ಯ ಸಚಿವಾಲಯ ಕನಿಷ್ಠ ಆಮದು ಬೆಲೆಯನ್ನು ಗೊತ್ತುಮಾಡುತ್ತದೆ. ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿಸಿದ ಮೇಲೂ ಆ ಬೆಲೆಗಿಂತ ಕಡಿಮೆಯ ಅಡಿಕೆಯನ್ನು ತರಿಸುವಂತಿಲ್ಲ. 2017ರಲ್ಲಿ ಈ ಬೆಲೆ ಕಿಲೋ ಒಂದಕ್ಕೆ 251 ರೂಪಾಯಿ ಆಗಿತ್ತು. 2023ರ ಫೆಬ್ರವರಿ 14ರಂದು ಅದನ್ನು 351 ರೂಪಾಯಿಗೆ ಏರಿಸಲಾಯಿತು.

ಬೇಲಿ ಹಾಕಿದ ಮಾತ್ರಕ್ಕೆ ದನ ನುಗ್ಗುವುದು ನಿಲ್ಲುವುದಿಲ್ಲ, ಕಂಡಿಗಳನ್ನೂ ನೋಡಬೇಕು. ಪೂರ್ತಿ ರಫ್ತಿಗಾಗಿಯೇ ಇರುವ ಘಟಕಗಳಿಗೂ ವಿಶೇಷ ಆರ್ಥಿಕ ವಲಯದ ಘಟಕಗಳಿಗೂ, ದೇಶದೊಳಗೆ ಮಾರಕೂಡದೆಂಬ ಶರತ್ತಿನ ಮೇಲೆ, ಕನಿಷ್ಠ ಬೆಲೆಯಿಂದ ವಿನಾಯಿತಿ ಕೊಡಲಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯಿಲ್ಲದೆ ತರಿಸಲು ಅನುಮತಿ ದೊರೆಯಿತು. ಹುರಿದ ಅಡಿಕೆ ಎಂಬ ಹೆಸರಿನಲ್ಲಿ ಬೇರೆ ಶೀರ್ಷಿಕೆಯ ಕೆಳಗೆ ಸರಕು ಬರತೊಡಗಿದಾಗ, 2025ರ ಏಪ್ರಿಲ್‌ನಲ್ಲಿ ಅದಕ್ಕೂ ಕನಿಷ್ಠ ಬೆಲೆಯ ಕಟ್ಟು ಬಿತ್ತು.

ಈ ವರ್ಷಗಳಲ್ಲಿ ಬೆಳೆಗಾರರ ಸಂಘಗಳು ಮನವಿ ಕೊಟ್ಟವು. ಸದಸ್ಯರು ಸಂಸತ್ತಿನಲ್ಲಿ ಪ್ರಶ್ನೆ ಕೇಳಿದರು. ಒಂದು ಪ್ರಶ್ನೆಯಿಂದಲೇ ಒಂದು ಅಧಿಸೂಚನೆ ಹೊರಟಿತು ಎಂದು ಹೇಳುವುದು ಸರಿಯಲ್ಲ. ಆದರೆ ಎಷ್ಟು ಟನ್ ಬಂತು, ಯಾವ ದೇಶದಿಂದ ಬಂತು, ಯಾವ ಬೆಲೆಗೆ ಬಂತು ಎಂಬ ಅಂಕಿ ಲಿಖಿತ ಉತ್ತರದಲ್ಲಿ ದೊರೆತರೆ, ಬೆಳೆಗಾರನ ಅಳಲು ಅಳಲಾಗಿಯೇ ಉಳಿಯದೆ ಲೆಕ್ಕವಾಗುತ್ತದೆ. ಲೆಕ್ಕಕ್ಕೆ ಇಲಾಖೆ ಉತ್ತರ ಕೊಡಲೇಬೇಕು.

ಇಲ್ಲಿಯೂ ಬಾಗಿಲನ್ನು ಮರೆಯಬಾರದು. ಆಮದಿನ ನಿಯಮ ವಾಣಿಜ್ಯ ಸಚಿವಾಲಯದ್ದು. ಕಳ್ಳಸಾಗಣೆಯ ಅಡಿಕೆಯನ್ನು ಹಿಡಿಯುವ ಸುಂಕದ ಅಧಿಕಾರಿಗಳು ಅರ್ಥ ಸಚಿವಾಲಯದವರು. ಕೊಳೆರೋಗ, ಎಲೆಚುಕ್ಕಿ ರೋಗದ ವಿಚಾರ ಕೃಷಿ ಸಚಿವಾಲಯದ್ದು. ಮೂರನ್ನೂ ಒಂದೇ ಮನವಿಯಲ್ಲಿ ತುರುಕಿದರೆ ಮೂರಕ್ಕೂ ಉತ್ತರ ಸಿಗುವುದಿಲ್ಲ.

5. ಉತ್ತರವನ್ನು ಓದುವ ಬಗೆ

ಸರಕಾರದ ಉತ್ತರಗಳಲ್ಲಿ ಮೂರು ಮಾತುಗಳು ಪದೇ ಪದೇ ಬರುತ್ತವೆ.

"ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ." ಇದು ಮುಗಿದ ಉತ್ತರವಲ್ಲ; ಸಂಗ್ರಹಿಸಿ ಸದನಕ್ಕೆ ಕೊಡುತ್ತೇವೆಂದು ಹೇಳಿದರೆ ಅದೊಂದು ಭರವಸೆ. ಭರವಸೆಗಳು ನೆರವೇರಿದವೇ ಎಂದು ನೋಡಲು ಸದನದ ಭರವಸೆಗಳ ಸಮಿತಿ ಇದೆ. ಲೋಕಸಭೆಯಲ್ಲಿ ಇಂಥ ಸಮಿತಿ 1953ರಲ್ಲಿ ಮೊದಲಾಯಿತು. ಅಲ್ಲಿ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕೆಂಬ ಕ್ರಮವಿದೆ.

"ವಿಷಯ ಪರಿಶೀಲನೆಯಲ್ಲಿದೆ." ಇದನ್ನು ಓದಿ ಸುಮ್ಮನಾಗಕೂಡದು. ಉತ್ತರದ ದಿನಾಂಕ ಬರೆದಿಟ್ಟು, ಪರಿಶೀಲನೆಯ ಫಲವೇನಾಯಿತು ಎಂದು ಮುಂದಿನ ಅಧಿವೇಶನದಲ್ಲಿ ಕೇಳಿಸಬೇಕು.

"ಪ್ರಶ್ನೆ ಉದ್ಭವಿಸುವುದಿಲ್ಲ." ಮೊದಲ ಭಾಗಕ್ಕೆ "ಇಲ್ಲ" ಎಂದಾದರೆ ಉಳಿದ ಭಾಗಗಳೆಲ್ಲ ಹೀಗೆ ಬಿದ್ದುಹೋಗುತ್ತವೆ. ಆದುದರಿಂದಲೇ ಮೊದಲ ಭಾಗವನ್ನು "ಇದೆಯೇ" ಎಂದು ಕೇಳದೆ "ಎಷ್ಟು" ಎಂದು ಕೇಳಬೇಕು.

6. ನಾವು ಮಾಡಬೇಕಾದುದು

ಕಾಪುವಿನ ಮತದಾರನಿಗೆ ವಿಧಾನಸಭೆಯಲ್ಲಿ ಒಬ್ಬ ಶಾಸಕರಿದ್ದಾರೆ, ಲೋಕಸಭೆಯಲ್ಲಿ ಉಡುಪಿ–ಚಿಕ್ಕಮಗಳೂರು ಕ್ಷೇತ್ರದ ಸದಸ್ಯರಿದ್ದಾರೆ. ಇವರಲ್ಲದೆ ದಕ್ಷಿಣ ಕನ್ನಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಇಬ್ಬರು ಆರಿಸಿ ಹೋಗುತ್ತಾರೆ. ಅವರಿಗೆ ಮತ ಕೊಡುವವರಲ್ಲಿ ನಮ್ಮ ಗ್ರಾಮ ಪಂಚಾಯಿತಿಯ ಸದಸ್ಯರೂ ಸೇರಿದ್ದಾರೆ. ಪಂಚಾಯಿತಿಯ ಸದಸ್ಯರು ಒಂದು ಪ್ರಶ್ನೆ ಬರೆದು ಕೊಟ್ಟರೆ ಅದನ್ನು ಬದಿಗಿಡುವುದು ಅವರಿಗೆ ಸುಲಭವಲ್ಲ.

ಮೊದಲು ಪಹಣಿ, ನಕ್ಷೆ, ನೋಟೀಸು, ಪರಿಹಾರದ ಆದೇಶ ಇವುಗಳ ಪ್ರತಿಗಳನ್ನು ಒಂದೆಡೆ ಸೇರಿಸಿ. ಇಲ್ಲದ ಕಾಗದವನ್ನು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಕೇಳಿ ಪಡೆಯಬಹುದು; ಉತ್ತರಕ್ಕೆ 30 ದಿನಗಳ ಗಡುವು ಇದೆ. ಬಳಿಕ ಒಂದು ವಿಷಯಕ್ಕೆ ಒಂದು ಹಾಳೆಯಂತೆ, ಸರ್ವೆ ನಂಬರು, ದಿನಾಂಕ ನಮೂದಿಸಿ ಬರೆಯಿರಿ. ಗ್ರಾಮಸಭೆಯಲ್ಲಿ ಓದಿ ನಿರ್ಣಯ ಮಾಡಿಸಿದರೆ ಇನ್ನೂ ಬಲ. ಲೋಕಸಭೆಯ ಪ್ರಶ್ನೆಗೆ 15 ಪೂರ್ಣ ದಿನಗಳ ಮುಂಚೆ ಸೂಚನೆ ಕೊಡಬೇಕಾದುದರಿಂದ ಅಧಿವೇಶನ ಆರಂಭಕ್ಕೆ ಒಂದು ತಿಂಗಳ ಮೊದಲೇ ಹಾಳೆಯನ್ನು ಸದಸ್ಯರಿಗೆ ಮುಟ್ಟಿಸಿ. ಉತ್ತರ ಬಂದಾಗ ಪ್ರತಿ ತರಿಸಿ, ಪಂಚಾಯಿತಿ ಕಚೇರಿಯ ಫಲಕದಲ್ಲಿ ಅಂಟಿಸಿ. ಉತ್ತರದಲ್ಲಿ ಕೊಟ್ಟ ಎಕರೆ ನಮ್ಮ ಪಹಣಿಯ ಎಕರೆಗೆ ಹೊಂದದಿದ್ದರೆ, ಅದೇ ಮುಂದಿನ ಪ್ರಶ್ನೆ.

ಅಳದಿದ್ದರೆ ತಾಯಿಯೂ ಹಾಲು ಕೊಡಳು ಎನ್ನುತ್ತಾರೆ. ಸರಕಾರದ ಮುಂದೆ ಬರಿದೆ ಅತ್ತರೆ ಸಾಲದು. ಅಂಕಿ ಇಟ್ಟು ಕೇಳಬೇಕು.

ಯುವಕ ಮಂಡಲ, ಮಹಿಳಾ ಮಂಡಲಗಳಲ್ಲಿ ಚರ್ಚೆಗೆ:

1. ನಮ್ಮ ಗ್ರಾಮದಲ್ಲಿ ಕೈಗಾರಿಕೆಗೆ ಹೋದ ಜಮೀನಿನಲ್ಲಿ ಪಟ್ಟಾ ಎಷ್ಟು, ಕುಮ್ಕಿ ಎಷ್ಟು? ದಾಖಲೆ ಯಾರಲ್ಲಿದೆ?

2. ಮಟ್ಟುಗುಳ್ಳ ಬೆಳೆಯುವವರಲ್ಲಿ ಆ ಹೆಸರನ್ನು ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ಯಾವ ಸದನದಲ್ಲಿ, ಯಾರ ಮೂಲಕ ಕೇಳಿಸಬೇಕು?

3. ಅಡಿಕೆಯ ಆಮದಿನ ಬಗ್ಗೆ ನಾಲ್ಕು ಭಾಗಗಳ ಒಂದು ಪ್ರಶ್ನೆಯನ್ನು ಬರೆದು ನೋಡಿರಿ.