ನಾರಿನ ಪುಡಿಯಲ್ಲಿ ಬಿಸಿನೆಸ್: 7 ಸೂತ್ರಗಳು

ತಿಪಟೂರು, ಅರಸೀಕೆರೆ ಕಡೆ ನಾರಿನ ಫ್ಯಾಕ್ಟರಿಗಳ ಹಿಂದೆ ಕಂದು ಪುಡಿಯ ಗುಡ್ಡೆ ಬಿದ್ದಿರುತ್ತದೆ. ತೆಂಗಿನ ಸಿಪ್ಪೆಯಿಂದ ಒಂದು ಕಿಲೋ ನಾರು ತೆಗೆದರೆ ಸುಮಾರು ಎರಡು ಕಿಲೋ ಪುಡಿ ಉದುರುತ್ತದೆ. ನಾರು ಲಾರಿ ಹತ್ತುತ್ತದೆ, ಪುಡಿ ಅಲ್ಲೇ ಉಳಿಯುತ್ತದೆ. ಅದನ್ನೇ ತೊಳೆದು, ಒಣಗಿಸಿ, ಒತ್ತಿದರೆ ಕೋಕೋಪೀಟ್. ಡಿಗ್ರಿ ಮುಗಿಸಿ ಊರಲ್ಲೇ ಏನಾದರೂ ಮಾಡಬೇಕು ಅಂತಿದ್ದೀರಾ? ಇಲ್ಲಿಂದ ಶುರು ಮಾಡಿ.

1. ಮೊದಲು ಗಿರಾಕಿ ಹುಡುಕಿ.
ಮೆಷಿನ್ ಕೊಟೇಶನ್ ಆಮೇಲೆ. ಕೋಲಾರ, ಚಿಕ್ಕಬಳ್ಳಾಪುರದ ತರಕಾರಿ ಸಸಿ ನರ್ಸರಿಗಳಿಗೆ ಹೋಗಿ. ಈಗ ಎಲ್ಲಿಂದ ತರಿಸುತ್ತೀರಿ, ಏನು ತೊಂದರೆ ಅಂತ ಕೇಳಿ. 98 ಗುಳಿಯ ಒಂದು ಪ್ರೋಟ್ರೇಗೆ ಸುಮಾರು 1.2 ಕಿಲೋ ಕೋಕೋಪೀಟ್ ಬೇಕು. ಅವರ ಟ್ರೇ ಲೆಕ್ಕವೇ ನಿಮ್ಮ ಪ್ರೊಡಕ್ಷನ್ ಪ್ಲಾನ್. "ನೀರು ಚೆನ್ನಾಗಿ ಹಿಡಿಯುತ್ತೆ" ಅಂತ ಭಾಷಣ ಮಾಡಬೇಡಿ, ಅದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

2. ಇಸಿ ಮೀಟರ್ ಕೊಳ್ಳಿ.
ಇಸಿ ಎಂದರೆ ವಿದ್ಯುತ್ ವಾಹಕತೆ, ಉಪ್ಪು ಎಷ್ಟಿದೆ ಎಂದು ತೋರಿಸುವ ಅಳತೆ. ಲಾಭ ನಷ್ಟ ತೀರ್ಮಾನವಾಗುವುದು ಇಲ್ಲೇ. ಹಸಿ ಪುಡಿಯಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಉಪ್ಪುಗಳಿರುತ್ತವೆ. ಉಪ್ಪು ಹೆಚ್ಚಾದರೆ ಎಳೆ ಸಸಿಯ ಬೇರು ಓಡುವುದಿಲ್ಲ, ಎಲೆಯಂಚು ಸುಡುತ್ತದೆ. ಒಂದು ಬ್ಯಾಚ್ ಸಸಿ ಹೋದರೆ ನರ್ಸರಿಯವನು ನಿಮ್ಮ ಫೋನ್ ಎತ್ತುವುದಿಲ್ಲ. ಒಳ್ಳೆಯ ಪೀಟ್‌ನ ಇಸಿ ಸೆಂಟಿಮೀಟರಿಗೆ 0.5 ಮಿಲಿಸೀಮೆನ್ಸ್ ದಾಟಬಾರದು. ಸಿಹಿನೀರಲ್ಲಿ ತೊಳೆಯಿರಿ, ಅಳೆಯಿರಿ, ಮತ್ತೆ ತೊಳೆಯಿರಿ. ಆದರೂ ಕಣಕ್ಕೆ ಅಂಟಿಕೊಂಡ ಸೋಡಿಯಂ ಬರೀ ನೀರಿಗೆ ಬಿಡದೆ ಉಳಿದೇ ಇರುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿದರೆ ಕ್ಯಾಲ್ಸಿಯಂ ಬಂದು ಆ ಜಾಗ ಹಿಡಿಯುತ್ತದೆ. ಇದೇ ಬಫರಿಂಗ್, ಇದಕ್ಕೆ ರೇಟೂ ಬೇರೆ. ಪ್ರತಿ ಬ್ಯಾಚ್‌ನ ಅಂಕಿ ಬರೆದಿಡಿ. ಪುಡಿ ಎಷ್ಟು, ನೀರು ಎಷ್ಟು ಹಾಕಿ ಅಳೆದಿರಿ ಎಂಬುದನ್ನೂ ಬರೆಯಿರಿ. ಅಳತೆ ಬದಲಾದರೆ ಅಂಕಿಯೂ ಬದಲಾಗುತ್ತದೆ.

3. ತೊಳೆದ ನೀರನ್ನು ಹಳ್ಳಕ್ಕೆ ಬಿಡಬೇಡಿ.
ಪೊಳ್ಳಾಚಿ ಸುತ್ತ ಇದೇ ನೀರಿನಿಂದ ಅಂತರ್ಜಲ ಕೆಟ್ಟಿತೆಂಬ ದೂರುಗಳು ಎದ್ದಿವೆ. ತಳಕ್ಕೆ ಶೀಟ್ ಹಾಸಿದ ತೊಟ್ಟಿ ಕಟ್ಟಿಸಿ. ಪಕ್ಕದ ತೋಟದ ಬೋರ್‌ವೆಲ್ ಉಪ್ಪಾದ ದಿನ ನಿಮ್ಮ ಯೂನಿಟ್‌ಗೂ ಬೀಗ.

4. "ನಾನು ಸೈನ್ಸ್ ಓದಿಲ್ಲ" ಅನ್ನುವ ಚಟ ಬಿಡಿ.
ಓದಿದವರು ಬಸ್ಸಿನ ದೂರದಲ್ಲಿದ್ದಾರೆ. ಕಾಯರ್ ಬೋರ್ಡ್‌ನ ತಂತ್ರಜ್ಞಾನ ಸಂಸ್ಥೆ ಪೀಣ್ಯದಲ್ಲಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ "ಅರ್ಕ ಫರ್ಮೆಂಟೆಡ್ ಕೋಕೋಪೀಟ್" ತಂತ್ರಜ್ಞಾನ ರೂಪಿಸಿದೆ. ಹೋಗಿ, ಕೇಳಿ, ನೋಟ್ಸ್ ಮಾಡಿಕೊಳ್ಳಿ.

5. ಎರಡನೇ ಪ್ರಾಡಕ್ಟ್ ಇಟ್ಟುಕೊಳ್ಳಿ: ಕಾಂಪೋಸ್ಟ್.
ಹಸಿ ಪುಡಿಯನ್ನು ನೇರ ಹೊಲಕ್ಕೆ ಸುರಿದರೆ ಬೆಳೆ ಹಳದಿಯಾಗುತ್ತದೆ. ಅದರಲ್ಲಿ ಒಂದು ಪಾಲು ಸಾರಜನಕಕ್ಕೆ ನೂರು ಪಾಲಿಗೂ ಮೇಲ್ಪಟ್ಟು ಇಂಗಾಲ ಇದೆ. ಅದನ್ನು ಕೊಳೆಸಲು ಬರುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ತಿನ್ನುತ್ತವೆ. ಹಾಗಾಗಿ ಮೊದಲೇ ಕೊಳೆಸಿ: ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ, ಜೊತೆಗೆ ಆಯ್‌ಸ್ಟರ್ ಅಣಬೆಯ ಬೀಜ. ಪದರ ಪದರವಾಗಿ ಹಾಕಿ, ನೆರಳಲ್ಲಿಟ್ಟು ತೇವ ಆರದಂತೆ ನೋಡಿಕೊಳ್ಳಿ. ಸಾರಜನಕದ ಒಂದು ಪಾಲಿಗೆ ಇಂಗಾಲ 24 ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಗಿರಾಕಿಗಳು ಸುತ್ತಲೇ ಇರುವ ತೆಂಗು, ಅಡಿಕೆ ಬೆಳೆಗಾರರು.

6. ಬ್ಲಾಕ್ ಮಾಡಿ ಮಾರಿ.
ಸಡಿಲ ಪುಡಿ ಸಾಗಿಸುವುದೆಂದರೆ ಗಾಳಿಗೆ ಲಾರಿ ಬಾಡಿಗೆ ಕಟ್ಟಿದಂತೆ. ಒತ್ತಿದರೆ ಗಾತ್ರ ಐದರಲ್ಲಿ ಒಂದು ಪಾಲಾಗುತ್ತದೆ. 5 ಕಿಲೋ ಬ್ಲಾಕ್ ಎಲ್ಲೆಡೆ ನಡೆಯುವ ಸೈಜ್.

7. ದುಡ್ಡಿಲ್ಲ ಎಂದು ಕೂರಬೇಡಿ.
ಕೇಂದ್ರ ಸರ್ಕಾರದ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ) ಯೋಜನೆಯಲ್ಲಿ ಹಳ್ಳಿಯ ಯೂನಿಟ್‌ಗೆ ಸಾಮಾನ್ಯ ವರ್ಗದವರಿಗೆ 25%, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗದವರಿಗೆ 35% ಸಬ್ಸಿಡಿ ಇದೆ. ಪ್ರಾಜೆಕ್ಟ್ ರಿಪೋರ್ಟ್ ನೀವೇ ಕೂತು ಬರೆಯಿರಿ. ಬ್ಯಾಂಕ್ ಮ್ಯಾನೇಜರ್ ಪ್ರಶ್ನೆ ಕೇಳುವುದು ನಿಮ್ಮನ್ನು, ಏಜೆಂಟ್‌ನನ್ನಲ್ಲ. ಪುಡಿ ಒಣಗಿಸಲು ಕಣ ಬೇಕು, ಬಿಸಿಲು ಬೇಕು. ಹಾಗಾಗಿ ಅರ್ಜಿ ಮಳೆಗಾಲದಲ್ಲೇ ಹಾಕಿ, ಡಿಸೆಂಬರ್ ಹೊತ್ತಿಗೆ ಕಣ ರೆಡಿ ಇರಲಿ.