ಔಟಾದ ಮೇಲಿನ ಆಟ

ಎಸ್ಸೆಸ್ಸೆಲ್ಸಿ ಬಂತೆಂದರೆ ಮೊದಲು ಕತ್ತರಿ ಬೀಳುವುದು ಮಕ್ಕಳ ಕಬಡ್ಡಿಗೆ. ಸ್ವಲ್ಪ ತಾಳಿ.

ಔಟಾದವನು ಕೂರುವ ಜಾಗವನ್ನೊಮ್ಮೆ ನೋಡಿ. ಅವನ ಆಟ ಮುಗಿದಿಲ್ಲ. ತನ್ನ ತಂಡದವರು ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಮತ್ತೆ ಒಳಗೆ ಬರುತ್ತಾನೆ, ಅದೂ ಔಟಾದ ಸರದಿಯಲ್ಲೇ. ಬೋನಸ್ ಪಾಯಿಂಟ್ ಬಂದರೆ ಸಾಲದು. ಎಂಥ ಹೆಸರುವಾಸಿ ರೈಡರ್ ಆದರೂ ಆ ಹೊತ್ತಿಗೆ ಅವನ ಗತಿ, ನಿನ್ನೆ ತಾನೇ ಬೈದಿದ್ದ ಕಾರ್ನರ್ ಹುಡುಗನ ಕೈಯಲ್ಲಿ! ಹೀಗೆ ಕಾದು ಮರಳುವುದು ಹದಿಹರೆಯದಲ್ಲೇ ಮೈಗೆ ಹತ್ತಿದರೆ, ಮುಂದೆ ಕೆಲಸ ಹೋದಾಗಲೂ ತಲೆ ಮೇಲೆ ಕೈ ಹೊತ್ತು ಕೂರಲಿಕ್ಕಿಲ್ಲ.

ರೈಡಿಗೆ 30 ಸೆಕೆಂಡ್. ಬರಿಗೈಲಿ ಮರಳಿದರೂ ತಪ್ಪಿಲ್ಲ, ಎದುರಾಳಿ ಅಂಕಣದ ಬಾಕ್ ಲೈನ್ ಎಂಬ ಗೆರೆ ದಾಟಿರಬೇಕು ಅಷ್ಟೇ. ಆದರೆ ಪ್ರೊ ಕಬಡ್ಡಿಯಲ್ಲಿ ತಂಡದ ಎರಡು ರೈಡ್ ಸತತ ಖಾಲಿ ಹೋದರೆ, ಮೂರನೆಯವನು ಪಾಯಿಂಟ್ ತರಲೇಬೇಕು, ಇಲ್ಲವೇ ಔಟ್. ಯಾವಾಗ ಕಾಯಬೇಕು, ಯಾವಾಗ ನುಗ್ಗಬೇಕೆಂಬ ಲೆಕ್ಕ ಕಾಲಿಗೇ ಬಂದುಬಿಡುತ್ತದೆ. (ಮಣ್ಣಿನ ಅಂಕಣವಾದರೆ ಮೊಣಕಾಲೂ ತರಚುತ್ತದೆ, ಅದು ಬೇರೆ ಮಾತು.)

ಎಲ್ಲರೂ ಜಿಲ್ಲಾ ತಂಡಕ್ಕೆ ಆಯ್ಕೆಯಾಗಬೇಕೆಂದೇನಿಲ್ಲ. ಹೋಬಳಿ ಮಟ್ಟದಲ್ಲೇ ಸೋತು ಬಂದ ದಿನ 'ಎಷ್ಟು ಪಾಯಿಂಟ್ ತಂದೆ?' ಎನ್ನಬೇಡಿ. ಊಟಕ್ಕೆ ಬಡಿಸಿ, ನಿನ್ನನ್ನು ಒಳಗೆ ಕರೆಸಿದ್ದು ಯಾರೆಂದು ಕೇಳಿ.