ಅಮೆರಿಕದ ಕಾಲೇಜುಗಳ ಉಗಮ: ಹಾರ್ವರ್ಡ್‌ನಿಂದ ಜಾನ್ಸ್ ಹಾಪ್ಕಿನ್ಸ್‌ವರೆಗೆ

ಅಮೆರಿಕ ಸ್ವತಂತ್ರ ರಾಷ್ಟ್ರವಾಗುವ ಮುನ್ನವೇ ಅಲ್ಲಿ 9 ಕಾಲೇಜುಗಳಿದ್ದವು. ಅವನ್ನು 'ವಸಾಹತು ಕಾಲದ ಕಾಲೇಜುಗಳು' ಎನ್ನುತ್ತಾರೆ. ಅವುಗಳಲ್ಲಿ ಮೊದಲ ಮೂರು, ಹಾಗೂ ಸ್ವಾತಂತ್ರ್ಯಾನಂತರದ ಕೆಲವು ಮೈಲಿಗಲ್ಲುಗಳು ಇಲ್ಲಿವೆ.

● ಹಾರ್ವರ್ಡ್ (1636): ದೇಶದ ಅತ್ಯಂತ ಹಳೆಯ ಉನ್ನತ ಶಿಕ್ಷಣ ಸಂಸ್ಥೆ. ಮ್ಯಾಸಚೂಸೆಟ್ಸ್ ಬೇ ವಸಾಹತಿನ ಶಾಸನಸಭೆ 400 ಪೌಂಡ್ ಮಂಜೂರು ಮಾಡಿತು. 1638ರಲ್ಲಿ ತೀರಿಕೊಂಡ ಪಾದ್ರಿ ಜಾನ್ ಹಾರ್ವರ್ಡ್ ತಮ್ಮ ಅರ್ಧ ಆಸ್ತಿಯನ್ನೂ ಸುಮಾರು 400 ಪುಸ್ತಕಗಳನ್ನೂ ಕಾಲೇಜಿಗೆ ಬಿಟ್ಟುಹೋದರು. ಮರುವರ್ಷ ಅದಕ್ಕೆ ಅವರ ಹೆಸರನ್ನೇ ಇಡಲಾಯಿತು.

● ವಿಲಿಯಂ ಅಂಡ್ ಮೇರಿ (1693): ವರ್ಜೀನಿಯಾದಲ್ಲಿದೆ, ರಾಜಸನದಿನಿಂದ ಸ್ಥಾಪನೆ.

● ಯೇಲ್ (1701): ಭಾರತದ ನಂಟು ಇಲ್ಲಿದೆ. ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರ್ ಆಗಿದ್ದ ಎಲಿಹು ಯೇಲ್ 1718ರಲ್ಲಿ 9 ಮೂಟೆ ಸರಕು, 417 ಪುಸ್ತಕ ಹಾಗೂ ದೊರೆ 1ನೇ ಜಾರ್ಜ್‌ನ ಭಾವಚಿತ್ರ ಕಳಿಸಿದರು. ಸರಕು ಮಾರಿದ ಹಣ ಕಟ್ಟಡಕ್ಕೆ ನೆರವಾಯಿತು. ಕಾಲೇಜು ಅವರ ಹೆಸರು ಪಡೆಯಿತು.

● ಓಬರ್ಲಿನ್ (1833): 1837ರಲ್ಲಿ ಪದವಿ ತರಗತಿಗೆ ಮಹಿಳೆಯರ ಪ್ರವೇಶ.

● ಮೊರಿಲ್ ಕಾಯ್ದೆ (1862): ಸಹಿ ಹಾಕಿದವರು ಅಬ್ರಹಾಂ ಲಿಂಕನ್. ಪ್ರತಿ ಸಂಸತ್ ಸದಸ್ಯನಿಗೆ 30,000 ಎಕರೆಯಂತೆ ರಾಜ್ಯಗಳಿಗೆ ಭೂಮಿ. ಅದರ ಆದಾಯದಿಂದ ಕೃಷಿ, ತಾಂತ್ರಿಕ ಕಾಲೇಜುಗಳು. ಮೊದಲು ಹೆಚ್ಚಾಗಿ ಪಾದ್ರಿಗಳನ್ನು ಅಣಿಗೊಳಿಸುತ್ತಿದ್ದ ಕಾಲೇಜು ಶಿಕ್ಷಣ ರೈತ, ಕಾರ್ಮಿಕರ ಮಕ್ಕಳ ಕೈಗೆಟುಕಿದ್ದು ಇಲ್ಲಿಂದ.

● ಜಾನ್ಸ್ ಹಾಪ್ಕಿನ್ಸ್ (1876): ಜರ್ಮನ್ ಮಾದರಿಯ ಸಂಶೋಧನಾ ವಿಶ್ವವಿದ್ಯಾಲಯ.

ನೆನಪಿಡಿ: 1636, 1693, 1701 — ಮೊದಲ ಮೂರು ಕಾಲೇಜುಗಳ ಕಾಲಾನುಕ್ರಮ.